ಮೂರು ವರ್ಷ ಹಚ್ಚಿದ ಸನ್‌ಸ್ಕ್ರೀನ್: ಟ್ಯೂಬ್ ಬೇಗ ಮುಗಿದರೇ ಒಳ್ಳೇದು

ನನಗೆ ಹುಟ್ಟಿನಿಂದ ಆಲ್ಬಿನಿಸಂ. ಕೂದಲು, ಹುಬ್ಬು, ಮೈ ಎಲ್ಲಾ ಬಿಳಿ. ಇದು ತೊನ್ನಲ್ಲ, ಅಂಟುವುದೂ ಇಲ್ಲ. ಮೈಗೆ ಬಣ್ಣ ಕೊಡುವ ಮೆಲನಿನ್ ಸರಿಯಾಗಿ ತಯಾರಾಗುವುದಿಲ್ಲ, ಹಾಗಾಗಿ ಬಿಸಿಲು ನೇರ ಚರ್ಮವನ್ನೇ ಸುಡುತ್ತದೆ. ಹಿರಿಯೂರು ಕಡೆ ಶಾಲೆಯಲ್ಲಿ ಮೇಷ್ಟ್ರು ನಾನು. ಬಸ್ಸಿಳಿದು ಒಂದು ಕಿಲೋಮೀಟರ್ ನಡಿಗೆ, ಆಮೇಲೆ ಬಯಲಲ್ಲಿ ಪ್ರಾರ್ಥನೆ.

ಮೂರು ವರ್ಷದಿಂದ ಒಂದೇ ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ. ಝಿಂಕ್ ಆಕ್ಸೈಡ್ ಇರುವುದು, ಎಸ್‌ಪಿಎಫ್ 50, ಪಿಎ++++ (ಎರಡೂ ಬಿಸಿಲಿಂದ ಎಷ್ಟು ರಕ್ಷಣೆ ಅನ್ನುವ ಗುರುತು). ಹಿಂದೆ ಬಳಸುತ್ತಿದ್ದುದು ಬೆವರಿನ ಜೊತೆ ಇಳಿದು ಕಣ್ಣು ಉರಿಸುತ್ತಿತ್ತು. ಇದರಲ್ಲಿ ಆ ಕಾಟ ಕಡಿಮೆ. ಹಚ್ಚಿದರೆ ಬಿಳಿ ಬಿಳಿ ಕಾಣುತ್ತದೆ ಅಂತ ಬೇರೆಯವರು ದೂರುತ್ತಾರೆ. ನನ್ನ ಚರ್ಮದ ಮೇಲೆ ಅದು ಕಾಣುವುದೇ ಇಲ್ಲ, ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟೆ ಅಂತ ಗೊತ್ತಾಗುವುದಿಲ್ಲ.

ಮೊದಲ ವರ್ಷ 50 ಗ್ರಾಂ ಟ್ಯೂಬನ್ನು ಎರಡು ತಿಂಗಳು ಎಳೆದೆ. ದುಡ್ಡು ಉಳೀತು ಅಂದುಕೊಂಡೆ. ಒಂದು ದಿನ ಕಟಿಂಗ್ ಅಂಗಡಿಯವರು ನನ್ನ ಎಡಕಿವಿ ಮಡಚಿ ಹಿಡಿದು ನಿಂತುಬಿಟ್ಟರು. "ಮೇಷ್ಟ್ರೇ, ಹೋದ ತಿಂಗಳೂ ಇಲ್ಲೇ ಹಕ್ಕಳೆ ಇತ್ತಲ್ವಾ?" ಮುಟ್ಟಿ ನೋಡಿದೆ. ಕಿವಿಯ ಮೇಲಂಚು ಉಪ್ಪುಕಾಗದದಷ್ಟು ಒರಟು. ನನ್ನ ದೃಷ್ಟಿ ಮಂದ, ಕನ್ನಡಿಯಲ್ಲಿ ಕಂಡೇ ಇರಲಿಲ್ಲ. ಚರ್ಮದ ಡಾಕ್ಟರು ಆಕ್ಟಿನಿಕ್ ಕೆರಟೋಸಿಸ್ ಅಂದರು. ಬಿಸಿಲಿಂದ ಬರುವುದು, ಹಾಗೇ ಬಿಟ್ಟರೆ ಕ್ಯಾನ್ಸರಿಗೆ ತಿರುಗಬಹುದು. ಅದನ್ನು ಹೆಪ್ಪುಗಟ್ಟಿಸಿ ತೆಗೆಯಲು ವಿಪರೀತ ತಣ್ಣಗಿನ ಲಿಕ್ವಿಡ್ ನೈಟ್ರೋಜನ್ ಹಾಕಿದರು. ಚುಳ್ ಅಂತು, ಗುಳ್ಳೆ ಎದ್ದಿತು, ಎರಡು ಮೂರು ವಾರದಲ್ಲಿ ಒಣಗಿತು.

ಅವತ್ತೇ ಅವರು ಅಳತೆ ಹೇಳಿಕೊಟ್ಟರು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಕ್ರೀಮ್. ಅಷ್ಟು ಬರೀ ಮುಖ, ಕಿವಿ, ಕುತ್ತಿಗೆಗೆ. ಒಂದೊಂದು ತೋಳಿಗೆ ಮತ್ತೆ ಅಷ್ಟಷ್ಟು. ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಇನ್ನೊಂದು ಸಲ. ಟ್ಯೂಬಿನ ಮೇಲಿರುವ ಎಸ್‌ಪಿಎಫ್ 50 ಅನ್ನುವ ಲೆಕ್ಕ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗಿನದು. ನಾನು ಅದರ ಕಾಲುಭಾಗವನ್ನೂ ಹಚ್ಚುತ್ತಿರಲಿಲ್ಲ. ಸರಿಯಾಗಿ ಹಚ್ಚಿದರೆ ಟ್ಯೂಬ್ ಒಂದು ವಾರಾನೂ ಬರಲ್ಲ. ಸಂಬಳ ಇರುವ ನನಗೇ ಭಾರ. ಕೂಲಿಗೆ ಹೋಗುವವರ ಮನೆಯಲ್ಲಿ ಇಂಥ ಮಗು ಇದ್ದರೆ? ನಮಗೆ ಇದು ಔಷಧಿ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಬೇಕು.

ಈಗ ಮೈಯ ಬಹುಪಾಲನ್ನು ಬಟ್ಟೆಗೇ ಬಿಟ್ಟಿದ್ದೇನೆ. ಒತ್ತು ನೇಯ್ಗೆಯ ತುಂಬುತೋಳಿನ ಶರ್ಟು, ಸುತ್ತಲೂ ಅಗಲ ಅಂಚಿರುವ ಟೋಪಿ. ಕ್ಯಾಪ್ ಸಾಲದು, ಕಿವಿ ಬಿಸಿಲಿಗೇ ಉಳಿಯುತ್ತದೆ. ಕ್ರೀಮ್ ಮುಖ, ಕಿವಿ, ಕುತ್ತಿಗೆ, ಮುಂಗೈಗೆ. ಮೋಡ ಇದ್ದರೂ ತಪ್ಪಿಸಲ್ಲ. ಟ್ಯೂಬ್ ಹತ್ತು ದಿನ ಬರುತ್ತದೆ.

ತಿಂಗಳಿಗೊಮ್ಮೆ ನನ್ನ ಹೆಂಡತಿ ಟಾರ್ಚ್ ಹಿಡಿದು ಬೆನ್ನು, ಕಿವಿ, ನೆತ್ತಿ ನೋಡುತ್ತಾಳೆ. ಕಪ್ಪು ಮಚ್ಚೆಯನ್ನೇ ಹುಡುಕಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ನಮ್ಮಂಥವರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಗುಲಾಬಿ ಬಣ್ಣದಲ್ಲೂ ಇರಬಹುದು. ವಾರಗಟ್ಟಲೆ ಮಾಯದ ಹುಣ್ಣು, ಸುಮ್ನೆ ರಕ್ತ ಒಸರುವ ಗಂಟು ಕಂಡರೆ ತಡ ಮಾಡಬೇಡಿ.

ಕ್ರೀಮಿನ ಬಗ್ಗೆ ತಕರಾರು ಎರಡೇ. ಮುಚ್ಚಳ ಬೇಗ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಗಾಡಿಯ ಡಿಕ್ಕಿಯಲ್ಲಿಟ್ಟರೆ ಎಣ್ಣೆ ಬೇರೆ, ಕ್ರೀಮ್ ಬೇರೆ ಆಗುತ್ತದೆ, ಹಾಗಾಗಿ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. 200 ಗ್ರಾಂ ಡಬ್ಬಿ ತಂದರೆ ಮೊದಲು ಕೊಳ್ಳುವವನು ನಾನೇ.