ಹಡಗಿನ ಅಳತೆಯೋ, ತೇಲುಯಂತ್ರದ ಅಳತೆಯೋ?

ಮಡಿಕೇರಿಯಲ್ಲೇ ಕೂತು ಸಮುದ್ರದ ಕಾರ್ಬನ್ ಡೈಆಕ್ಸೈಡ್ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೀರಾ? ಖಂಡಿತ ಮಾಡಿ. ತಲಕಾವೇರಿಯ ನೀರು ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನೇ ಅಲ್ವಾ? ಮಾಹಿತಿ ಎರಡು ಬಗೆಯಲ್ಲಿ ಸಿಗುತ್ತದೆ: ಹಡಗಿನಲ್ಲಿ ಅಳೆದದ್ದು, ಮತ್ತು ಸಮುದ್ರದಲ್ಲಿ ಜನರಿಲ್ಲದೆ ತಾನಾಗಿ ತೇಲುತ್ತಿರುವ ತೇಲುಯಂತ್ರ ಅಳೆದದ್ದು. ಎರಡೂ ಉಚಿತ.

ಹಡಗಿನದು ನೇರ ಅಳತೆ. ಹಡಗು ಓಡುತ್ತಿರುವಾಗಲೇ ಮೇಲ್ಪದರದ ನೀರನ್ನು ಪಂಪ್ ಮಾಡಿ, ಮುಚ್ಚಿದ ಪಾತ್ರೆಯೊಳಗೆ ಶವರ್‌ನಂತೆ ಸುರಿಸುತ್ತಾರೆ. ನೀರಿನ ಅನಿಲವೂ ಪಾತ್ರೆಯ ಗಾಳಿಯೂ ಸಮಕ್ಕೆ ಬರುತ್ತವೆ. ಆ ಗಾಳಿಯನ್ನು ಇನ್‌ಫ್ರಾರೆಡ್ ಯಂತ್ರ ಅಳೆಯುತ್ತದೆ. ಒಳ್ಳೆಯ ಅಳತೆಯಲ್ಲಿ ತಪ್ಪು ಬರುವುದು ಸುಮಾರು 2 ಮೈಕ್ರೋಅಟ್ಮಾಸ್ಫಿಯರ್ (ಅನಿಲದ ಒತ್ತಡದ ಅಳತೆಮಾನ) ಅಷ್ಟೇ. ಇಂಥ ಅಳತೆಗಳನ್ನು ಪರಿಶೀಲಿಸಿ ಒಟ್ಟುಮಾಡಿದ ಸಂಗ್ರಹವೇ ಸೋಕ್ಯಾಟ್. ಅದು ಮೊದಲು ಹೊರಬಂದದ್ದು 2011ರಲ್ಲಿ. ತೊಂದರೆ ಒಂದೇ: ಹಡಗು ಹೋದಲ್ಲಿ ಮಾತ್ರ ಅಳತೆ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರಕ್ಕೆ ಚಳಿಗಾಲದಲ್ಲಿ ಹೋಗುವವರು ತೀರಾ ಕಡಿಮೆ.

ತೇಲುಯಂತ್ರ ಅಲ್ಲೂ ಇರುತ್ತದೆ. ಸುಮಾರು 10 ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆ ಬಂದು ಉಪಗ್ರಹಕ್ಕೆ ಮಾಹಿತಿ ಕಳಿಸುತ್ತದೆ. ಆದರೆ ಅದು ಅಳೆಯುವುದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅನ್ನುವುದು. ಕಾರ್ಬನ್ ಡೈಆಕ್ಸೈಡ್ ಅನ್ನು ಅದರಿಂದ ಲೆಕ್ಕ ಹಾಕಿ ತೆಗೆಯುತ್ತಾರೆ, ಹಾಗಾಗಿ ಅನಿಶ್ಚಿತತೆ ಜಾಸ್ತಿ.

ನಮ್ಮ ಕಾಫಿ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಎಷ್ಟು ಇಂಚು, ಎಷ್ಟು ಸೆಂಟ್ ಅಂತ ಬರೆದಿಡುತ್ತಾರಲ್ಲ, ಆ ಹಳೇ ಪುಸ್ತಕದ ಬೆಲೆ ನಿಮಗೆ ಗೊತ್ತು. ಸೋಕ್ಯಾಟ್ ಕೂಡ ಅಂಥದ್ದೇ ಪುಸ್ತಕ. ದಶಕಗಳ ಬದಲಾವಣೆ ನೋಡುವುದಾದರೆ ಕಣ್ಣುಮುಚ್ಚಿ ಸೋಕ್ಯಾಟ್ ಆರಿಸಿಕೊಳ್ಳಿ. ದಕ್ಷಿಣ ಸಾಗರದ ಚಳಿಗಾಲವೇ ಬೇಕಿದ್ದರೆ ತೇಲುಯಂತ್ರ, ಅದೂ ಹತ್ತಿರದ ಹಡಗಿನ ಅಳತೆ ಜೊತೆ ತಾಳೆ ನೋಡಿಕೊಂಡು.