ಯಾರ್ಕ್‌ನ ಹಳೆಯ ಬೀದಿಗಳಲ್ಲಿ ಉಚಿತ ನಡಿಗೆ: ದುರ್ಗದವರಿಗಾಗಿ ಒಂದು ವಿಮರ್ಶೆ

ಮಕ್ಕಳು ಇಂಗ್ಲೆಂಡಿನಲ್ಲಿ ನೆಲೆಸಿರುವ ಕಾರಣಕ್ಕೆ ಅಲ್ಲಿಗೆ ಹೋಗಿಬರುವವರು ಈಗ ನಮ್ಮ ಚಿತ್ರದುರ್ಗದಲ್ಲೂ ಕಡಿಮೆಯೇನಿಲ್ಲ. ಲಂಡನ್ ಮುಗಿಸಿದ ಮೇಲೆ ಎಲ್ಲಿಗೆ ಹೋಗೋಣ ಎಂದು ಅವರು ಕೇಳಿದರೆ ನಾನು ಯಾರ್ಕ್ ನಗರದ ಹೆಸರು ಹೇಳುತ್ತೇನೆ. ಅಲ್ಲಿಯ ಸ್ವಯಂಸೇವಕ ಮಾರ್ಗದರ್ಶಿಗಳ ಸಂಘದವರು ನಡೆಸುವ ಕಾಲ್ನಡಿಗೆಯ ಸುತ್ತಾಟವನ್ನು ತಪ್ಪಿಸಿಕೊಳ್ಳಬೇಡಿ ಎಂದೂ ಸೇರಿಸುತ್ತೇನೆ. 1951ರಿಂದ ನಡೆದುಬಂದಿರುವ ಈ ಸೇವೆಗೆ ಶುಲ್ಕವಿಲ್ಲ, ಕೊನೆಯಲ್ಲಿ ಸಂತೋಷಕ್ಕೆಂದು ಏನಾದರೂ ಕೊಡಹೋದರೆ ಅದನ್ನೂ ಅವರು ಮುಟ್ಟುವುದಿಲ್ಲ. ಪುಕ್ಕಟೆ ಸಿಕ್ಕಿತೆಂದು ಹೊಗಳುತ್ತಿದ್ದಾನೆ ಎಂದು ಯಾರೂ ಭಾವಿಸಬಾರದು. ಆ ಊರಿನ ಅತಿ ಪ್ರಸಿದ್ಧ ಬೀದಿಗಿಂತ ಅದನ್ನು ತೋರಿಸಿದವರ ಕೆಲಸವೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಗರದ ಕಲಾ ಗ್ಯಾಲರಿಯ ಮುಂದಿನ ಚೌಕದಿಂದ ಹೊರಟು ಸುಮಾರು ಎರಡು ಗಂಟೆ ನಡೆಯಬೇಕು. ನಮ್ಮ ಗುಂಪಿಗೆ ಸಿಕ್ಕ ಹಿರಿಯ ಮಹಿಳೆ ಇಸವಿಗಳನ್ನು ಒಪ್ಪಿಸುವುದಕ್ಕಿಂತ ಗೋಡೆ, ತೊಲೆ, ಕಿಟಕಿಗಳನ್ನು ಓದಲು ಕಲಿಸುವುದರಲ್ಲಿ ಹೆಚ್ಚು ಆಸಕ್ತಿಯುಳ್ಳವರು. ಗುಡ್‌ರಮ್‌ಗೇಟ್ ಬೀದಿಯಲ್ಲಿ 1316ರ ಸುಮಾರಿಗೆ ಕಟ್ಟಿದ ಲೇಡಿ ರೋ ಎಂಬ ಮನೆಗಳ ಸಾಲೊಂದಿದೆ. ಕೆಳಗೊಂದು ಕೋಣೆ, ಮೇಲೊಂದು ಕೋಣೆ, ಅಷ್ಟೇ ಪ್ರತಿ ಮನೆ. ದೇವಸ್ಥಾನದ ಮಳಿಗೆಗಳ ಬಾಡಿಗೆಯಲ್ಲಿ ನಂದಾದೀಪದ ಖರ್ಚು ಸಾಗುವ ಹಾಗೆ, ಈ ಮನೆಗಳ ಬಾಡಿಗೆಯಿಂದ ಹಿಂದಿನ ಚರ್ಚಿನಲ್ಲಿ ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುವ ಪಾದ್ರಿಯ ಜೀವನ ನಡೆಯುತ್ತಿತ್ತಂತೆ. ಮೇಲಂತಸ್ತು ಬೀದಿಯ ಕಡೆಗೆ ಚಾಚಿಕೊಂಡಿರುವ ಮನೆಗಳಲ್ಲಿ ಇಂಗ್ಲೆಂಡಿನಲ್ಲಿ ಉಳಿದಿರುವ ಅತಿ ಹಳೆಯವುಗಳ ಪೈಕಿ ಇವು ಸೇರುತ್ತವೆ. ಈಗಲೂ ಕೆಳಗಡೆ ಅಂಗಡಿಗಳಿದ್ದು, ಆತುರದಲ್ಲಿ ಹೋಗುವವರು ತಲೆಯೆತ್ತಿ ನೋಡುವುದೂ ಇಲ್ಲ.

ಹೀಗೆ ಚಾಚಿ ಕಟ್ಟುವುದೇಕೆ ಎಂಬುದನ್ನು ಆಕೆ ವಿವರಿಸಿದ್ದು ಶ್ಯಾಂಬಲ್ಸ್ ಬೀದಿಯಲ್ಲಿ. ನಿವೇಶನ ಕಿರಿದಾಗಿದ್ದಾಗ ಮೇಲಿನ ಕೋಣೆಗೆ ಇನ್ನಷ್ಟು ಜಾಗ ಸಿಗುತ್ತದೆ. ತಡಿಕೆಗೆ ಮಣ್ಣು ಮೆತ್ತಿ ಮಾಡಿದ ಕೆಳಗಿನ ಗೋಡೆ ಮಳೆಗೆ ನೆನೆಯುವುದೂ ತಪ್ಪುತ್ತದೆ. ಓಕ್ ಮರವನ್ನು ಹಸಿಯಾಗಿರುವಾಗಲೇ ಕೊಯ್ದು ಜೋಡಿಸುತ್ತಿದ್ದರಿಂದ, ಅದು ಒಣಗುತ್ತಾ ತಿರುಚಿಕೊಂಡು ಇಡೀ ಮನೆಯೇ ಒಂದು ಕಡೆಗೆ ವಾಲುತ್ತದೆ. ವಾಲಿದರೂ ಮರದ ಗೂಟಗಳಿಂದ ಬಿಗಿದ ಚೌಕಟ್ಟು ಬಿಟ್ಟುಕೊಡುವುದಿಲ್ಲ. ಬಹುಪಾಲು 14 ಮತ್ತು 15ನೇ ಶತಮಾನಗಳ ಈ ಕಟ್ಟಡಗಳ ನಡುವೆ ನಿಂತು ಮೇಲೆ ನೋಡಿದರೆ, ಎದುರುಬದುರು ಮನೆಯವರು ಕಿಟಕಿಯಿಂದಲೇ ಒಬ್ಬರಿಗೊಬ್ಬರು ಉಪ್ಪು ಕೊಡಬಹುದೇನೋ ಅನ್ನಿಸುತ್ತದೆ.

ಶ್ಯಾಂಬಲ್ಸ್ ಮಾಂಸದಂಗಡಿಗಳ ಬೀದಿಯಾಗಿತ್ತು. 1872ರಲ್ಲಿಯೂ ಇಲ್ಲಿ 25 ಕಟುಕರ ಅಂಗಡಿಗಳಿದ್ದವು; ಇಂದು ಒಂದೂ ಇಲ್ಲ. ಆದರೆ ಗುರುತುಗಳು ಉಳಿದಿವೆ, ತೋರಿಸುವವರಿಲ್ಲದಿದ್ದರೆ ಅವು ನನ್ನ ಕಣ್ಣಿಗಂತೂ ಬೀಳುತ್ತಿರಲಿಲ್ಲ. ಕೆಲವು ಅಂಗಡಿಗಳ ಕಿಟಕಿಯ ಕೆಳಗೆ ಮುಂದಕ್ಕೆ ಚಾಚಿರುವ ದಪ್ಪ ಹಲಗೆ ಮಾಂಸವನ್ನು ಹರವಿಡುತ್ತಿದ್ದ ಕಟ್ಟೆ. ಅದರ ಮೇಲೆ ಸಾಲಾಗಿರುವ ಕಬ್ಬಿಣದ ಕೊಕ್ಕೆಗಳು ತೂಗುಹಾಕಲು. ಬೀದಿ ಇಕ್ಕಟ್ಟಾಗಿರುವುದರಿಂದ ಮಾಂಸಕ್ಕೆ ಬಿಸಿಲು ತಾಗುತ್ತಿರಲಿಲ್ಲ. ಇಬ್ಬದಿಯ ಕಾಲುದಾರಿಗಳು ಎತ್ತರವಾಗಿದ್ದು ನಡುವಿನ ಭಾಗ ತಗ್ಗಾಗಿರುವುದು ರಕ್ತ ಮತ್ತು ಕಸವನ್ನು ತೊಳೆದು ಹರಿಸುವುದಕ್ಕೆ. ಸಸ್ಯಾಹಾರಿಯಾದ ನನ್ನ ಮನೆಯವರು ಮೂಗು ಮುಚ್ಚಿಕೊಳ್ಳುವಷ್ಟು ನಿಖರವಾಗಿತ್ತು ಆಕೆಯ ವರ್ಣನೆ.

ನಮ್ಮ ಕೋಟೆಯಲ್ಲಿ ಎಲ್ಲರೂ ಓಬವ್ವನ ಕಿಂಡಿಯ ಮುಂದೆ ನಿಲ್ಲುವ ಹಾಗೆ ಇಲ್ಲಿ ಎಲ್ಲರೂ ನಿಲ್ಲುವುದು ಮಾರ್ಗರೆಟ್ ಕ್ಲಿದರೋ ಸ್ಮಾರಕದ ಮುಂದೆ. ಕಟುಕನೊಬ್ಬನ ಹೆಂಡತಿಯಾದ ಈಕೆ ಕ್ಯಾಥೊಲಿಕ್ ಪಾದ್ರಿಗಳಿಗೆ ಮನೆಯಲ್ಲಿ ಆಶ್ರಯ ಕೊಟ್ಟ ಆರೋಪಕ್ಕೆ ಗುರಿಯಾಗಿ, ನ್ಯಾಯಾಲಯದಲ್ಲಿ ಉತ್ತರ ಕೊಡಲು ನಿರಾಕರಿಸಿ, 1586ರಲ್ಲಿ ಮೈಮೇಲೆ ಭಾರ ಹೇರಿಸಿಕೊಂಡು ಪ್ರಾಣ ಬಿಟ್ಟಳು. 1970ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಕಥೆಯನ್ನು ಅಲ್ಲಿಗೆ ಮುಗಿಸಿದ್ದರೆ ಎಲ್ಲರೂ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದೆವು. ಮಾರ್ಗದರ್ಶಿ ಮಾತ್ರ, ಆಕೆ ನಿಜವಾಗಿ ಬದುಕಿದ್ದು ಬಹುಶಃ ಈ ಮನೆಯಲ್ಲ, ಎದುರು ಸಾಲಿನ ಮನೆಯಲ್ಲಿ ಎಂದು ಬೆರಳು ಮಾಡಿ ತೋರಿಸಿದರು. ಕೇಳುಗರ ಮುಖ ಅರಳಲಿ ಎಂದು ಇದ್ದದ್ದಕ್ಕೆ ಇಲ್ಲದ್ದನ್ನು ಸೇರಿಸಿ ಹೇಳುವ ಗೈಡುಗಳನ್ನು ಅನೇಕ ಕಡೆ ಕಂಡಿರುವ ನನಗೆ, ಈ ನಡಿಗೆಯಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಇದೇ ಎನಿಸಿತು.

ಇನ್ನು ಬೀದಿಯ ಬಗ್ಗೆ. ಚೌಕಟ್ಟು ಉಳಿದಿದೆ, ಒಳಗಿನ ಬದುಕು ಹೋಗಿದೆ. ಮಾಂತ್ರಿಕರ ಕೋಲು, ನಿಲುವಂಗಿ, ಚಾಕಲೇಟು, ನೆನಪಿನ ಕಾಣಿಕೆಗಳು. ಊರಿನವರು ದಿನಬಳಕೆಗೆ ಕೊಳ್ಳುವಂಥದ್ದು ವಿಶೇಷವಾಗಿ ಏನೂ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಾತ್ರೆಯ ನೂಕುನುಗ್ಗಲು. ಆದರೂ ಕಟ್ಟಡಗಳು ನಿಂತಿರುವುದಕ್ಕೆ ಕಾರಣವಿದೆ: 1947ರ ಕಾಯ್ದೆಯ ನಂತರ ಅಲ್ಲಿ ಐತಿಹಾಸಿಕ ಕಟ್ಟಡಗಳ ಪಟ್ಟಿ ಮಾಡಿ, ಪಟ್ಟಿಗೆ ಸೇರಿದ್ದನ್ನು ಒಳಗಾಗಲಿ ಹೊರಗಾಗಲಿ ಅನುಮತಿಯಿಲ್ಲದೆ ಬದಲಿಸದಂತೆ ನಿರ್ಬಂಧಿಸಿದ್ದಾರೆ. ನಮ್ಮ ಕೋಟೆಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ, ಸರಿ. ದೊಡ್ಡಪೇಟೆಯಂಥ ಕಡೆ ಅಳಿದುಳಿದ ಮಾಳಿಗೆ ಮನೆಗಳ ಕಂಬ, ಬೋದಿಗೆ, ಜಗಲಿಗಳ ಗತಿ ಮನೆ ಪಾಲಾದ ದಿನ ಏನಾಗುತ್ತದೆಂದು ಎಲ್ಲರಿಗೂ ಗೊತ್ತು.

ಹಣ ಕೊಟ್ಟು ನೋಡಬೇಕಾದ ಬಾರ್ಲಿ ಹಾಲ್ ಸ್ಟೋನ್‌ಗೇಟ್‌ಗೆ ಹೊಂದಿಕೊಂಡ ಓಣಿಯಲ್ಲಿದೆ. ನಲ್ಲಿ ರಿಪೇರಿಯವರ ಕಾರ್ಯಾಗಾರವಾಗಿದ್ದ ಈ ಕಟ್ಟಡವನ್ನು 1980ರ ದಶಕದಲ್ಲಿ ಕೆಡವಲು ಹೊರಟಾಗ ಒಳಗಿಂದ ಮಧ್ಯಯುಗದ ಮರದ ಚೌಕಟ್ಟು ಹೊರಬಿತ್ತು. ಅದನ್ನು 1483ರ ಸುಮಾರಿಗೆ ಇದ್ದಿರಬಹುದಾದ ರೂಪಕ್ಕೆ ತಂದಿದ್ದಾರೆ. ಹೊಸ ಮರವೇ ಬಹಳವಾಯಿತು ಎಂಬ ಆಕ್ಷೇಪ ನನ್ನದೂ ಹೌದು. ಮಕ್ಕಳಿದ್ದರೆ ಹೋಗಿ, ಇಲ್ಲದಿದ್ದರೆ ಆ ಹಣ ಉಳಿಸಿ.

ಲೀಡ್ಸ್‌ನಲ್ಲಿ ಮಕ್ಕಳಿರುವವರಿಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಕಲ್ಲು ಹಾಸಿದ ಬೀದಿಗಳು ಮಂಡಿನೋವಿನವರಿಗೆ ಕಷ್ಟ ಕೊಡುತ್ತವೆ, ಆದ್ದರಿಂದ ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ. ಶ್ಯಾಂಬಲ್ಸ್ ನೋಡುವವರು ಅಂಗಡಿ ತೆರೆಯುವ ಮುನ್ನವೇ ಹೋಗಬೇಕು. ಊರ ಸುತ್ತಲಿನ ಕೋಟೆ ಗೋಡೆಯ ಮೇಲೆ ಸುಮಾರು ಮೂರೂವರೆ ಕಿಲೋಮೀಟರ್ ಉಚಿತವಾಗಿ ನಡೆಯಬಹುದು. ದುರ್ಗದ ಕೋಟೆ ಹತ್ತಿದವರಿಗೆ ಅದು ಆಯಾಸವೇ ಅಲ್ಲ, ಆದರೆ ಒಳಬದಿಗೆ ಹಲವೆಡೆ ಕಂಬಿಯಿಲ್ಲದ ಕಾರಣ ಮೊಮ್ಮಕ್ಕಳ ಕೈ ಬಿಡಬಾರದು.