ಆಭಾ ಆ್ಯಪ್: ಮರುಪರೀಕ್ಷೆಯ ಖರ್ಚು ಎಲ್ಲಿ ಉಳಿಯುತ್ತದೆ, ಎಲ್ಲಿ ಉಳಿಯುವುದಿಲ್ಲ

ಮೊದಲು ಒಂದು ಗೊಂದಲ ಬಗೆಹರಿಯಲಿ. ಆಭಾ (ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್) ಎಂದರೆ ಐದು ಲಕ್ಷದ ಚಿಕಿತ್ಸೆ ಸಿಗುವ ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’ ಕಾರ್ಡ್ ಅಲ್ಲ. ಬೇರೆ ಬೇರೆ ಆಸ್ಪತ್ರೆ, ಲ್ಯಾಬ್‌ಗಳಲ್ಲಿ ಇರುವ ನಿಮ್ಮ ರಿಪೋರ್ಟ್‌ಗಳು ಒಂದೇ ಕಡೆ ಕಾಣುವಂತೆ ಮಾಡುವ ಉಚಿತ ಸರ್ಕಾರಿ ವ್ಯವಸ್ಥೆ ಇದು. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾಯಿತು. ಮಾಡಿಸಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವುದು ಇದರಿಂದ ತಪ್ಪುತ್ತದೆಯೇ ಎಂಬ ಒಂದೇ ಅಳತೆಗೋಲು ಇಲ್ಲಿಯದು. ತಪ್ಪುತ್ತದೆ, ಆದರೆ ಅರ್ಧ ಕೆಲಸ ಆ್ಯಪಿನ ಹೊರಗಿದೆ.

14 ಅಂಕಿಯ ಆಭಾ ಸಂಖ್ಯೆ ಪಡೆಯುವುದು ಸುಲಭ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಒಟಿಪಿ ಹಾಕಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ತೊಡಕು ಶುರುವಾಗುವುದು ದಾಖಲೆ ಜೋಡಿಸುವಾಗ. ಆಸ್ಪತ್ರೆಯ ಹೆಸರು ಹುಡುಕಿ ಒತ್ತಿದರೆ, ಅಲ್ಲಿನ ಕಂಪ್ಯೂಟರ್ ನಿಮ್ಮ ಮೊಬೈಲ್ ಸಂಖ್ಯೆ, ಹೆಸರು, ಲಿಂಗ, ಹುಟ್ಟಿದ ವರ್ಷ ನೋಡಿ ತಾಳೆ ಹಾಕುತ್ತದೆ. ಆಧಾರ್‌ನಲ್ಲಿ ‘ಮಂಜುನಾಥ ಕೆ.’, ಆಸ್ಪತ್ರೆ ಚೀಟಿಯಲ್ಲಿ ‘ಮಂಜು’, ಮೊಬೈಲ್ ಮಗನದ್ದು, ವಯಸ್ಸು ಅಂದಾಜಿನದ್ದು ಎಂದಿದ್ದರೆ ‘ದಾಖಲೆ ಸಿಗಲಿಲ್ಲ’ ಎಂಬ ಉತ್ತರ ಖಾತ್ರಿ. ಆಮೇಲೆ ಸರಿಪಡಿಸಲು ಕೌಂಟರಿಗೆ ಅಲೆಯುವ ಬದಲು, ಬಿಲ್ ಮಾಡಿಸುವ ಮೊದಲೇ ಆಭಾ ಸಂಖ್ಯೆ ಕೊಡಿ. ಹೊರರೋಗಿ ವಿಭಾಗದಲ್ಲಿ ಕ್ಯೂಆರ್ ಅಂಟಿಸಿದ್ದರೆ ಅದನ್ನು ಸ್ಕ್ಯಾನ್ ಮಾಡುವುದೇ ಲೇಸು: ಆಧಾರ್‌ನಲ್ಲಿರುವಂತೆಯೇ ವಿವರ ಹೋಗುತ್ತದೆ, ಟೋಕನ್ ಸಾಲೂ ತಪ್ಪುತ್ತದೆ.

ರಿಪೋರ್ಟ್‌ಗಳು ದೆಹಲಿಯ ಯಾವುದೋ ಒಂದು ಸರ್ವರಿನಲ್ಲಿ ಗುಡ್ಡೆ ಬೀಳುವುದಿಲ್ಲ. ಹುಟ್ಟಿದ ಲ್ಯಾಬಿನಲ್ಲೇ ಇರುತ್ತವೆ, ನೀವು ಒಪ್ಪಿದಾಗ ಮಾತ್ರ ಇನ್ನೊಂದು ಕಡೆಗೆ ಹೋಗುತ್ತವೆ. ವೈದ್ಯರಿಂದ ಒಪ್ಪಿಗೆ ಕೋರಿಕೆ ಬಂದಾಗ ಮೂರು ವಿಷಯ ನೋಡಿ: ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಒಪ್ಪಿಗೆ ಎಂದಿನವರೆಗೆ. ಇವನ್ನು ನೀವೇ ಬದಲಿಸಬಹುದು. ಮನೋವೈದ್ಯರ ಚೀಟಿ ಮೂಳೆ ವೈದ್ಯರಿಗೆ ಬೇಡವೆನಿಸಿದರೆ ಗುರುತು ತೆಗೆಯಿರಿ. ಆದರೆ ಗಾಬರಿಯಲ್ಲಿ ಲ್ಯಾಬ್ ರಿಪೋರ್ಟ್‌ಗಳ ಗುರುತನ್ನೂ ತೆಗೆದರೆ, ಅವರ ಪರದೆ ಖಾಲಿ ಕಂಡು ರಕ್ತ ಪರೀಕ್ಷೆ ಮತ್ತೆ ಬರೆಯುತ್ತಾರೆ.

ಆ್ಯಪಿನ ದೊಡ್ಡ ಕೊರತೆಯೂ ಇಲ್ಲೇ. ‘ಎಚ್‌ಬಿಎ1ಸಿ (ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆ) ಕಳೆದ ತಿಂಗಳಷ್ಟೇ ಆಗಿದೆ’ ಎಂದು ಅದು ಯಾರನ್ನೂ ಎಚ್ಚರಿಸುವುದಿಲ್ಲ. ಆ ಎಚ್ಚರಿಕೆ ವೈದ್ಯರು ಪರೀಕ್ಷೆ ಬರೆಯುವ ತಂತ್ರಾಂಶದಲ್ಲಿ ಇರಬೇಕು. ಕಾಗದದ ಚೀಟಿ ಬರೆಯುವ ಕ್ಲಿನಿಕ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಸಾಲದ್ದಕ್ಕೆ ಎಷ್ಟೋ ಲ್ಯಾಬ್‌ಗಳು ಕಳಿಸುವುದು ಬರೀ ಪಿಡಿಎಫ್. ಕಣ್ಣಿಗೆ ಕಂಡರೂ ಕಂಪ್ಯೂಟರಿಗೆ ಅದರೊಳಗಿನ ಅಂಕಿ ಸಿಗದು, ಹಾಗಾಗಿ ವರ್ಷದ ಏರಿಳಿತದ ರೇಖೆಯೂ ಮೂಡದು.

ಆದ್ದರಿಂದ ಅವಧಿಯ ಲೆಕ್ಕ ನಿಮಗೇ ಗೊತ್ತಿರಲಿ. ಎಚ್‌ಬಿಎ1ಸಿ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುತ್ತದೆ; ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸಾಮಾನ್ಯವಾಗಿ ಮೂರು ತಿಂಗಳ ಒಳಗೆ ಮತ್ತೆ ಮಾಡಿಸಿ ಪ್ರಯೋಜನವಿಲ್ಲ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದ ಮೇಲೆ ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆಯ ಅಂಕಿ) ನೆಲೆಗೊಳ್ಳಲು ಆರೆಂಟು ವಾರ ಬೇಕು. ಎರಡನೇ ವಾರದ ಅಂಕಿ ದಾರಿ ತಪ್ಪಿಸುತ್ತದೆ. ಇಂಥ ಕಡೆ ‘ಡಾಕ್ಟ್ರೇ, ಇದು ಹೋದ ತಿಂಗಳು ಆಗಿದೆ, ಸಾಕಾಗುತ್ತದೆಯೇ?’ ಎಂದು ಮೊಬೈಲ್ ಮುಂದಿಡಿ. ದಿನಾಂಕ, ಲ್ಯಾಬಿನ ಹೆಸರು, ಪರೀಕ್ಷೆಯ ವಿಧಾನ, ಸಾಮಾನ್ಯ ಮಿತಿ ಕಾಣಬೇಕು. ಅಂಕಿಯನ್ನಷ್ಟೇ ಕತ್ತರಿಸಿದ ಸ್ಕ್ರೀನ್‌ಶಾಟ್ ಅನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು.

ಎಲ್ಲ ಮರುಪರೀಕ್ಷೆಯೂ ದುಂದು ಅಲ್ಲ ಎಂಬುದೂ ನೆನಪಿರಲಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ದಿನವೂ ನೋಡಬೇಕಾಗಬಹುದು. ಎದೆನೋವಿಗೆ, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ಅನ್ನು ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ರಕ್ತ ಹಾಕುವ ಮೊದಲು ಗುಂಪು ತಿಳಿದಿದ್ದರೂ ಹೊಸ ಮಾದರಿ ತೆಗೆದು ಹೊಂದಾಣಿಕೆ ಪರೀಕ್ಷೆ ಮಾಡಲೇಬೇಕು. ಇನ್ನು ‘ನಮ್ಮ ಲ್ಯಾಬಿನದ್ದೇ ಬೇಕು’ ಎಂಬ ಹಟ, ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಕಟ್ಟಿ ಮಾರುವ ಪ್ಯಾಕೇಜ್ ಇವಕ್ಕೆಲ್ಲ ಯಾವ ಆ್ಯಪಿನಲ್ಲೂ ಮದ್ದಿಲ್ಲ.

ನಿಮ್ಮ ಊರಿನ ಲ್ಯಾಬ್ ಇನ್ನೂ ಜೋಡಣೆಯಾಗಿಲ್ಲವಾದರೆ ಪಿಡಿಎಫ್ ಕೇಳಿ ಪಡೆದು ಡಿಜಿಲಾಕರ್‌ಗೆ ಏರಿಸಿ. ಕಡತದ ಹೆಸರಿನಲ್ಲೇ ದಿನಾಂಕ, ಪರೀಕ್ಷೆ ಇರಲಿ. ಸಿಟಿ, ಎಂಆರ್‌ಐ ವಿಚಾರದಲ್ಲಿ ಮಾತ್ರ ಆಭಾ ಒಂದನ್ನೇ ನೆಚ್ಚಬೇಡಿ. ಸಾಮಾನ್ಯವಾಗಿ ಅದರಲ್ಲಿ ಸಿಗುವುದು ಬರವಣಿಗೆಯ ರಿಪೋರ್ಟ್, ಚಿತ್ರಗಳಲ್ಲ. ಶಸ್ತ್ರವೈದ್ಯರು ಚಿತ್ರವನ್ನೇ ನೋಡಬೇಕು, ಇಲ್ಲದಿದ್ದರೆ ಹೊಸ ಸ್ಕ್ಯಾನ್ ಬರೆಯುತ್ತಾರೆ, ಸಿಟಿಯಾದರೆ ವಿಕಿರಣವೂ ಇನ್ನೊಮ್ಮೆ. ಫಿಲಂ ಬೆಳಕಿಗೆ ಹಿಡಿದು ತೆಗೆದ ಫೋಟೊದಲ್ಲಿ ಕಪ್ಪು-ಬಿಳುಪಿನ ಮಟ್ಟ ಹೊಂದಿಸಲಾಗದು. ಸ್ಕ್ಯಾನ್ ಸೆಂಟರಿನಿಂದ ಹೊರಡುವ ಮೊದಲೇ ಡೈಕಾಮ್ (ಸ್ಕ್ಯಾನ್ ಚಿತ್ರಗಳ ಮೂಲ ಡಿಜಿಟಲ್ ರೂಪ) ಕಡತವಿರುವ ಸಿಡಿ ಅಥವಾ ಲಿಂಕ್ ಕೇಳಿ ಇಟ್ಟುಕೊಳ್ಳಿ.